ಶಹಾಬಾದ್ ಕಲ್ಲಿನ ನೆಲದ ಮೇಲೆ ಪಿಯಾನೊ ನಾದ

ಕಲಬುರಗಿಯ ನಮ್ಮ ಮನೆಯಲ್ಲಿ ಪಿಯಾನೊ ಕೇಳುವಾಗಲೆಲ್ಲ ಮಂದ್ರ ಸ್ವರಗಳು ಒಂದರೊಳಗೊಂದು ಕಲಸಿಹೋಗಿ, ತಾರ ಸ್ವರಗಳು ಗಾಜಿಗೆ ಚಮಚ ಬಡಿದಂತೆ ಕರ್ಕಶವಾಗಿರುತ್ತಿದ್ದವು. ಈ ವಾದ್ಯದ 88 ಕೀಲಿಗಳ ಮೂಲ ಕಂಪನಗಳು 27.5 ಹರ್ಟ್ಸ್‌ನಿಂದ ಸುಮಾರು 4,186 ಹರ್ಟ್ಸ್‌ವರೆಗೆ ಹರಡಿರುವುದರಿಂದ, 4 ಇಂಚಿನ ವೂಫರ್‌ನ (ಮಂದ್ರ ಧ್ವನಿ ಹೊರಡಿಸುವ ಭಾಗ) ನನ್ನ ಹಳೆಯ ಸ್ಪೀಕರ್‌ಗಳಿಗೆ ಅದು ನಿಲುಕುವಂತಿರಲಿಲ್ಲ.

ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲಿ ಅಬ್ಬರದ ಸಂಗೀತ ಕೇಳದೆ, ನಾದವನ್ನು ಉಳಿಸುವ ಪೆಡಲ್ ಒತ್ತಿಹಿಡಿದು ನುಡಿಸಿದ ಒಂದೇ ಸ್ವರವನ್ನು ಅದು ಪೂರ್ತಿ ಅಡಗುವವರೆಗೆ ಆಲಿಸಿದೆ. ಸುತ್ತಿಗೆ ತಂತಿಗೆ ತಾಗುವ ಪೆಟ್ಟು ಸ್ಪಷ್ಟವಾಗಿರಬೇಕು. ಆಮೇಲಿನ ನಾದ ಮೆಲ್ಲಗೆ ಕರಗಬೇಕು. ಬಳಿಕ ಕೆಳಗಿನಿಂದ ಮೇಲಿನವರೆಗೆ ಸ್ವರಗಳನ್ನು ಕ್ರಮವಾಗಿ ನುಡಿಸಿದ ಧ್ವನಿಮುದ್ರಿಕೆ ಹಾಕಿಸಿ, ಯಾವ ಸ್ವರವೂ ತಾನಾಗಿ ಗುಡುಗದ, 8 ಇಂಚಿನ ವೂಫರ್‌ನ ಮುಚ್ಚಿದ ಪೆಟ್ಟಿಗೆಯ ಜೋಡಿಯನ್ನು ಆರಿಸಿದೆ.

ಆದರೂ ಮನೆಯಲ್ಲಿ ಕರ್ಕಶತೆ ಉಳಿಯಿತು. ಕಾರಣ ಕಾಲಡಿಯಲ್ಲೇ ಇತ್ತು: ಶಹಾಬಾದ್ ಪರಸಿ ಕಲ್ಲಿನ ಬರಿಯ ನೆಲ ಧ್ವನಿಯನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತಿತ್ತು. ಸ್ಪೀಕರ್‌ಗಳಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನ ಹಾಸಿ, ಕುರ್ಚಿಯ ಹಿಂದಿನ ಗೋಡೆಗೆ ಅವ್ವ ಹೊಲಿದ ಕೌದಿಯನ್ನು ತೂಗುಹಾಕಿ, ಸ್ಪೀಕರ್‌ಗಳನ್ನು ಗೋಡೆಯಿಂದ 2 ಅಡಿ ಮುಂದಕ್ಕೆ ಸರಿಸಿದೆ. ಅಂದು ರಾತ್ರಿ, ಪೆಡಲ್ ಬಿಟ್ಟಾಗ ತಂತಿಗಳ ಮೇಲೆ ಉಣ್ಣೆಯ ಮೆತ್ತೆ ಕೂರುವ ಮೃದು ಸದ್ದು ಮೊದಲ ಬಾರಿಗೆ ನನಗೆ ಕೇಳಿಸಿತು.