ಮೊದಲು ಡ್ರಮ್ ಬಿಚ್ಚಿ: ಹಳೆ ಪಿಕಪ್‌ಗೆ ಬ್ರೇಕ್ ಸಾಮಾನು ಹುಡುಕಿದ ನನ್ನ ಅನುಭವ

ಪಾರ್ಸೆಲ್ ಬಂದ ದಿನ ನನಗೆ ಹಬ್ಬ. ನನ್ನ 1950ರ ಶೆವರ್ಲೆ 3100 ಪಿಕಪ್‌ನ ನಾಲ್ಕೂ ಚಕ್ರಕ್ಕೆ ಬ್ರೇಕ್ ಶೂ (ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿಂದ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ತುಂಡು) ಬಂದಿತ್ತು, ಜೊತೆಗೆ ಆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಿಟ್. ಆರು ವಾರ ಹುಡುಕಿ ತರಿಸಿದ್ದು. ಗಾಡಿಯನ್ನು ಜ್ಯಾಕಿನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಎಡ ಚಕ್ರ ಬಿಚ್ಚಿದೆ. ಡ್ರಮ್ಮನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೊರಗೆಳೆದೆ. ಒಳಗಿದ್ದ ಶೂಗೂ ನನ್ನ ಕೈಲಿದ್ದ ಹೊಸ ಶೂಗೂ ಸಂಬಂಧವೇ ಇರಲಿಲ್ಲ. ತೂತುಗಳು ಬೇರೆ, ತುದಿಯ ಆಕಾರ ಬೇರೆ, ಸ್ಪ್ರಿಂಗ್ ಸಿಕ್ಕಿಸುವ ಜಾಗವೂ ಬೇರೆ.

ಮಾರಿದವರ ತಪ್ಪೇನಿಲ್ಲ. ನಾನು ಕೇಳಿದ್ದನ್ನೇ ಕಳಿಸಿದ್ದರು. ಗಾಡಿಯ ಕಾಗದದಲ್ಲಿ 1950 ಅಂತ ಇತ್ತು, ನಾನು 1950ರದ್ದು ಕೇಳಿದೆ. ಶೆವರ್ಲೆಯವರು 1950ರವರೆಗೆ ಈ ಪಿಕಪ್‌ಗಳಿಗೆ ಹಕ್ ಅನ್ನುವ ಬಗೆಯ ಬ್ರೇಕ್ ಹಾಕುತ್ತಿದ್ದರು. 1951ರಿಂದ ಬೆಂಡಿಕ್ಸ್ ಬಗೆಗೆ ಬದಲಾಯಿಸಿದರು. ನನ್ನ ಗಾಡಿ 1950ರದ್ದೇ. ಆದರೆ ಹಿಂದಿನ ಯಾರೋ ಪುಣ್ಯಾತ್ಮರು 1951ರ ನಂತರದ ಗಾಡಿಯಿಂದ, ಶೂಗಳು ಕೂರುವ ಬ್ಯಾಕಿಂಗ್ ಪ್ಲೇಟ್ ಸಮೇತ ಇಡೀ ಬ್ರೇಕನ್ನೇ ತಂದು ಕೂರಿಸಿದ್ದರು. ಬೋಲ್ಟುಗಳು ಹಾಗೇ ಕೂರುತ್ತವೆ, ಹಾಗಾಗಿ ಈ ಕೆಲಸವನ್ನು ಬಹಳ ಜನ ಮಾಡಿದ್ದಾರೆ. ಒಳ್ಳೆಯದನ್ನೇ ಮಾಡಿದ್ದಾರೆ. ಕಾಗದದಲ್ಲಿ ಮಾತ್ರ ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಇವೆರಡರ ಗುರುತು ಸುಲಭ. ಹಕ್ ಬ್ರೇಕಿನಲ್ಲಿ ಶೂಗೂ ಡ್ರಮ್ಮಿಗೂ ನಡುವಿನ ಅಂತರ ಅಡ್ಜಸ್ಟ್ ಮಾಡುವ ಹಲ್ಲಿನ ಚಕ್ರ ವೀಲ್ ಸಿಲಿಂಡರಿನ ಎರಡು ತುದಿಗಳಲ್ಲೇ ಇರುತ್ತದೆ. ಬೆಂಡಿಕ್ಸ್‌ನಲ್ಲಿ ಅದು ಕೆಳಗೆ, ಎರಡು ಶೂಗಳ ನಡುವೆ, ನಕ್ಷತ್ರದಂಥ ಹಲ್ಲುಗಳ ಜೊತೆ ಕೂತಿರುತ್ತದೆ. ಡ್ರಮ್ ಬಿಚ್ಚಿದ ಒಂದೇ ನಿಮಿಷಕ್ಕೆ ಗೊತ್ತಾಗುವ ವಿಷಯ. ನಾನು ಬಿಚ್ಚಿದ್ದು ಆರು ವಾರ ಆದಮೇಲೆ.

ಅಂದಿನಿಂದ ಕ್ರಮ ಬದಲಾಯಿಸಿದೆ. ಮೊದಲು ನಾಲ್ಕೂ ಚಕ್ರ ಬಿಚ್ಚು, ಅಳೆ, ಫೋಟೋ ತೆಗೆ, ಆಮೇಲೆ ಹುಡುಕು. ಇಲ್ಲೊಂದು ಎಚ್ಚರಿಕೆ. ಹಳೆ ಲೈನಿಂಗ್‌ಗಳಲ್ಲಿ (ಶೂ ಮೇಲಿನ ಸವೆಯುವ ಪದರ) ಉಸಿರಿನೊಳಗೆ ಹೋದರೆ ಅಪಾಯವಾಗುವ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಡ್ರಮ್ಮಿನ ಕಪ್ಪು ಪುಡಿಯನ್ನು ಏರ್ ಪೈಪಿನಿಂದ ಊದಬೇಡಿ, ಬ್ರಷ್ಷಿನಲ್ಲಿ ಒಣಗುಡಿಸಲೂ ಬೇಡಿ. ನಾನು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹಾಗೇ ಕವರಿಗೆ ಹಾಕಿ ಬಾಯಿ ಕಟ್ಟಿದೆ. ಮಾಸ್ಕ್ ಹಾಕಿಕೊಂಡೇ.

ನನ್ನ ಗಾಡಿಯ ಡ್ರಮ್ 11 ಇಂಚಿನದು. ಮುಂದಿನ ಶೂ 2 ಇಂಚು ಅಗಲ, ಹಿಂದಿನದು 1¾ ಇಂಚು. ಈ ಮೂರು ಅಳತೆ, ಜೊತೆಗೊಂದು ಫೋಟೋ ಕೊಟ್ಟರೆ ಸಾಕಿತ್ತು. ಅಂಗಡಿಯವರು ಮಾಡೆಲ್, ವರ್ಷ ಕೇಳುವುದನ್ನೇ ಬಿಟ್ಟು ನೇರ ವಿಷಯಕ್ಕೆ ಬರುತ್ತಿದ್ದರು.

ವೀಲ್ ಸಿಲಿಂಡರಿನ ಕಥೆ ಸ್ವಲ್ಪ ಉದ್ದ. ನಾಲ್ಕರಲ್ಲಿ ಎರಡು ತುಕ್ಕು ಹಿಡಿದು ಪಿಸ್ಟನ್ ಅಲ್ಲಾಡದ ಸ್ಥಿತಿಯಲ್ಲಿದ್ದವು. ಎರಕದ ಮೇಲಿನ ಕೊಳೆ ಕೆರೆದಾಗ ಒಂದೆರಡು ಅಕ್ಷರ, ಒಂದು ಭಿನ್ನರಾಶಿ ಕಂಡವು. ಒಳಗೆ ಆಯಿಲ್ ಸೋರದಂತೆ ತಡೆಯುವ, ಬಟ್ಟಲಿನಂಥ ರಬ್ಬರ್ ಕಪ್ಪಿನ ಬೆನ್ನಿನ ಮೇಲೂ ಅದೇ ಭಿನ್ನರಾಶಿ ಮೂಡಿತ್ತು. ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸದ ಅಳತೆ ಅದು. ಹಳೆ ಸಾಮಾನು ಎಸೆಯುವ ಮೊದಲು ಈ ಕಪ್ಪುಗಳನ್ನು ತಿರುಗಿಸಿ ನೋಡಿ. ಎಷ್ಟೋ ಸಲ ಪಾರ್ಟ್ ನಂಬರಿಗಿಂತ ಒಳ್ಳೆಯ ಸಾಕ್ಷಿ ಅಲ್ಲೇ ಇರುತ್ತದೆ. ಆದರೂ ವರ್ನಿಯರ್ ಇಟ್ಟು ಅಳೆದೆ. ಹಿಂದಿನವರು ಬೇರೆ ಅಳತೆಯ ಕಪ್ಪು ತುರುಕಿರಬಹುದು, ಅಲ್ವಾ?

ಒಬ್ಬ ಮಾರಾಟಗಾರರು ಫೋನಿನಲ್ಲಿ, "ನಿಮಗೆ ಬೇಕಾಗಿರೋದು 1⅛ ಇಂಚು, ನನ್ನತ್ರ ಇರೋದು 1 ಇಂಚು. ಅರ್ಧ ಕಾಲಿಂಚಿನ ವ್ಯತ್ಯಾಸ ಸಾರ್, ಏನೂ ಆಗಲ್ಲ, ಹಾಕಿ" ಅಂದರು. ಕೇಳುವಾಗ ಸರಿ ಅನಿಸುತ್ತದೆ. ಪೇಪರ್ ಮೇಲೆ ಲೆಕ್ಕ ಹಾಕಿದೆ. ಶೂವನ್ನು ತಳ್ಳುವ ಬಲ ಪಿಸ್ಟನ್ನಿನ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ. 1⅛ರ ವರ್ಗ ಹತ್ತಿರಹತ್ತಿರ 1.27. ಅಂದರೆ 1 ಇಂಚಿನದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಬಲ. ಬರೀ 3 ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸಕ್ಕೆ ಇಷ್ಟು. ಇಂಥದ್ದನ್ನು ಒಂದು ಚಕ್ರಕ್ಕೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂದಿನ ಎರಡಕ್ಕೂ ಹಾಕಿದರೆ ಮುಂದೆ ಹಿಂದೆ ಇರಬೇಕಾದ ಹೊಂದಾಣಿಕೆ ಹೋಗಿ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು. ನಾನು ಬೇಡ ಅಂದೆ. ಇನ್ನೂ ಮೂರು ವಾರ ಕಾದೆ.

ಸರಿಯಾದ ಸಿಲಿಂಡರ್ ಸಿಕ್ಕಿದ್ದು ಹೊಸದಾಗಿ ತಯಾರಾಗುವ ಸಾಮಾನಿನಲ್ಲೇ. ಬೇರೆ ಬೇರೆ ಗಾಡಿಗಳಿಗೆ ಒಂದೇ ಸಿಲಿಂಡರ್ ಬರುವುದು ಮಾಮೂಲು. ಯಾವ ಪಾರ್ಟ್ ಯಾವ ಯಾವ ಗಾಡಿಗೆ ಹೊಂದುತ್ತದೆ ಅಂತ ಪಟ್ಟಿ ಮಾಡಿದ ಹಳೆ ಇಂಟರ್‌ಚೇಂಜ್ ಪುಸ್ತಕಗಳಿವೆ. ಅವನ್ನು ನೋಡಿದರೆ "ಪಿಕಪ್ ಸಿಲಿಂಡರ್" ಅಂತಲೇ ಹುಡುಕುತ್ತಾ ಕೂರುವ ಕಷ್ಟ ತಪ್ಪುತ್ತದೆ.

ಇನ್ನು ಹಳೆಯ ಡಬ್ಬದ ಆಸೆ. ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ, ಸೀಲ್ ಒಡೆಯದೆ ಉಳಿದ ಸಾಮಾನು. ಡಬ್ಬದ ಬಣ್ಣ ನೋಡಿದರೇ ಮನಸ್ಸು ಕರಗುತ್ತದೆ. ನಾನೂ ಒಂದು ಜೊತೆ ಸಿಲಿಂಡರ್ ಕಿಟ್ ತಗೊಂಡೆ. ತೆರೆದು ನೋಡಿದರೆ ರಬ್ಬರ್ ಕಪ್ಪುಗಳು ಒಣಗಿದ ಸಿಪ್ಪೆಯಂತೆ ಗಟ್ಟಿ. ಅಂಚನ್ನು ಬೆರಳಲ್ಲಿ ಬಗ್ಗಿಸಿದರೆ ಬಿರುಕು. ರಬ್ಬರಿಗೆ ಡಬ್ಬದೊಳಗಿದ್ದರೂ ವಯಸ್ಸಾಗುತ್ತದೆ. ಹೋಸ್ ಪೈಪಿಗೂ ಇದೇ ಮಾತು. ಲೋಹದ ಸಾಮಾನು ಮಾತ್ರ ಹಳೆ ಸ್ಟಾಕಿನಲ್ಲಿ ಚಿನ್ನ: ಅಡ್ಜಸ್ಟರ್, ಪಿನ್ನು, ಪಿಸ್ಟನ್. ಅಡ್ಜಸ್ಟರ್ ತಗೊಳ್ಳುವಾಗ ಎಡ, ಬಲ ನೋಡಿ ತಗೊಳ್ಳಿ. ಎರಡರ ಮರೆ (ಸ್ಕ್ರೂ ಥ್ರೆಡ್) ತಿರುಗುವ ದಿಕ್ಕು ಬೇರೆ.

ಶೂ ವಿಷಯದಲ್ಲಿ ಕೊನೆಗೆ ನಾನು ಹೊಸದನ್ನು ಕೊಳ್ಳಲೇ ಇಲ್ಲ. ನನ್ನ ಹಳೆ ಶೂಗಳ ಕಬ್ಬಿಣ ಚೆನ್ನಾಗೇ ಇತ್ತು, ಸವೆದದ್ದು ಲೈನಿಂಗ್ ಮಾತ್ರ. ಲೈನಿಂಗ್ ಹಾಕುವವರಿಗೆ ಕೊಟ್ಟೆ. "ರಿವೆಟ್ಟಾ, ಅಂಟಿಸೋದಾ?" ಅಂತ ಕೇಳಿದರು. ಅಂಟಿಸಿದ ಲೈನಿಂಗನ್ನು ಹೆಚ್ಚು ತೆಳ್ಳಗಾಗುವವರೆಗೆ ಬಳಸಬಹುದು. ರಿವೆಟ್ಟಿನದು ಸವೆದು ರಿವೆಟ್ ತಲೆ ಮೇಲೆ ಬಂದರೆ ಡ್ರಮ್ಮಿನಲ್ಲಿ ಗೀರು ಬೀಳುತ್ತದೆ. ಆದರೂ ನಾನು ರಿವೆಟ್ಟೇ ಹೇಳಿದೆ. ಅದಕ್ಕೆ ದೊಡ್ಡ ಕಾರಣ ಏನಿಲ್ಲ, ಕಣ್ಣಿಗೆ ಕಾಣುವ ಹಿಡಿತದ ಮೇಲೆ ನನಗೆ ನಂಬಿಕೆ. ಶೂಗಳ ಜೊತೆ ಡ್ರಮ್ಮನ್ನೂ ಕೊಟ್ಟು, ಲೈನಿಂಗನ್ನು ಅದೇ ಡ್ರಮ್ಮಿನ ಸುತ್ತಳತೆಗೆ ಹೊಂದುವಂತೆ ಉಜ್ಜಿಸಿಕೊಂಡೆ. ಇದನ್ನು ಬಿಟ್ಟರೆ ಹೊಸ ಲೈನಿಂಗಿನ ನಡುಭಾಗ ಮಾತ್ರ ಅಥವಾ ತುದಿ ಮಾತ್ರ ತಾಗಿ, ಎಷ್ಟೋ ದಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಡ್ರಮ್ಮುಗಳನ್ನು ಲೇತಿಗೆ ಕೊಡುವ ಮೊದಲು ಅಳತೆ ನೋಡಿದೆ. ಮೂಲ ಅಳತೆಗಿಂತ 60 ಥೌ (ಒಂದು ಥೌ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ ಸುಮಾರು 1.5 ಮಿಲಿಮೀಟರ್ ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಇತ್ತೀಚಿನ ಡ್ರಮ್ಮುಗಳ ಮೇಲೆ ಮಿತಿಯನ್ನು ಬರೆದಿರುತ್ತಾರೆ, ಹಳೆಯವುಗಳ ಮೇಲೆ ಇರುವುದಿಲ್ಲ. ನನ್ನ ಬಲಗಡೆ ಹಿಂದಿನ ಡ್ರಮ್ ಆಗಲೇ ಮಿತಿ ದಾಟಿತ್ತು. ಹಿಂದೆ ಯಾವಾಗಲೋ ಹೆಚ್ಚೇ ಕೊರೆದಿದ್ದರು. ಇನ್ನೊಂದನ್ನು ಗುಜರಿಗೆ ಬಂದ ಇದೇ ಬಗೆಯ ಗಾಡಿಯಿಂದ ತೆಗೆದೆ. ಅಲ್ಲಿದ್ದ ಮೆಕ್ಯಾನಿಕ್ ಒಬ್ಬರು ಡ್ರಮ್ಮನ್ನು ಬೆರಳಿಗೆ ನೇತುಹಾಕಿ ಸ್ಪ್ಯಾನರಿನಿಂದ ಟಣ್ ಅನಿಸಿದರು. ಗಂಟೆಯ ಹಾಗೆ ನಾದ ಬಂತು. ಪಕ್ಕದಲ್ಲಿದ್ದ ಇನ್ನೊಂದನ್ನು ಬಡಿದರು, ಒಡೆದ ಮಡಕೆಯ ಶಬ್ದ. ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಬರಿಗಣ್ಣಿಗೆ ನನಗೆ ಕಂಡೇ ಇರಲಿಲ್ಲ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಕ್ಕೆ ತಳ್ಳುವ ಮಾಸ್ಟರ್ ಸಿಲಿಂಡರ್ ಈ ಗಾಡಿಯಲ್ಲಿ ಪಾದದ ಕೆಳಗೆ, ನೆಲದ ಹಲಗೆಯ ಅಡಿ ಇರುತ್ತದೆ. ಬ್ರೇಕ್ ಆಯಿಲ್ ನೋಡಬೇಕಾದರೆ ನೆಲದಲ್ಲಿರುವ ಸಣ್ಣ ಮುಚ್ಚಳ ತೆಗೆಯಬೇಕು. ಸುಮ್ನೆ ಕೂತಲ್ಲಿಂದ ಕಾಣುವಂಥದ್ದಲ್ಲ, ಹಾಗಾಗಿ ಯಾರೂ ನೋಡುವುದೂ ಇಲ್ಲ. ನನ್ನದನ್ನು ಬಿಚ್ಚಿದಾಗ ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಯಾರೋ ಇಂಜಿನ್ ಆಯಿಲ್ಲೋ ಅಂಥದ್ದೇ ಇನ್ನೊಂದೋ ಸುರಿದಿದ್ದರು. ಈ ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷ ಇದ್ದಂತೆ. ಒಂದು ಕಡೆ ಹಾಗಾಗಿದ್ದರೆ ಇಡೀ ವ್ಯವಸ್ಥೆಯ ರಬ್ಬರ್ ಬದಲಾಯಿಸಿ, ಪೈಪುಗಳನ್ನು ತೊಳೆಯಲೇಬೇಕು. ಒಂದು ಕಪ್ಪು ಬದಲಾಯಿಸಿ ಸುಮ್ಮನಾಗುವ ಹಾಗಿಲ್ಲ.

ಬೋರಿನ ಒಳಗೆ ತುಕ್ಕಿನ ಗುಳಿಗಳಿದ್ದವು. ಹೋನಿಂಗ್ ಮಾಡಿ ಒಳಮೈ ಉಜ್ಜಿದರೂ ಹೋಗದಷ್ಟು ಆಳ. ಅಂಥದ್ದಕ್ಕೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಹಾಕಿ ಮೂಲ ಅಳತೆಗೆ ತರಬಹುದು. ಹಿತ್ತಾಳೆಯದು ಹಾಕಿಸಿದೆ, ಚೆನ್ನಾಗಿ ಬಂತು. ಆದರೆ ಅದನ್ನು ಗಾಡಿಗೆ ಹಾಕಲಿಲ್ಲ. ಯಾಕೆಂದರೆ ಅದು ಒಂದೇ ಕೋಣೆಯ ಸಿಲಿಂಡರ್. ನಾಲ್ಕು ಚಕ್ರದಲ್ಲಿ ಎಲ್ಲಿ ಒಂದು ಪೈಪ್ ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕೇ ಇಲ್ಲ. ನಾನು ಈ ಗಾಡಿಯನ್ನು ಓಡಿಸುವವನು, ಪಕ್ಕದಲ್ಲಿ ಮಕ್ಕಳನ್ನೂ ಕೂರಿಸುತ್ತೇನೆ. ಹಾಗಾಗಿ ಮುಂದಕ್ಕೊಂದು, ಹಿಂದಕ್ಕೊಂದು ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿದೆ. ಒರಿಜಿನಲ್ ಹಾಳು ಮಾಡಿದೆ ಅಂತ ಕೆಲವರು ಬೈದರು. ಬೈಯಲಿ. ಹಳೆಯದನ್ನು ಎಣ್ಣೆ ಸವರಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಇದನ್ನು ಆರಿಸುವಾಗ ಎರಡು ವಿಷಯ ನೋಡಿದೆ. ಬೋರ್ ಹಳೆಯದರಷ್ಟೇ ಇರಬೇಕು. ದೊಡ್ಡದಾದರೆ ಪೆಡಲ್ ಗಟ್ಟಿಯಾಗುತ್ತದೆ, ಸಣ್ಣದಾದರೆ ತುಂಬ ಆಳಕ್ಕೆ ಹೋಗುತ್ತದೆ. ಎರಡನೆಯದು, ಡ್ರಮ್ ಬ್ರೇಕಿಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಬೇಕು. ಕೆಲವು ಮಾಸ್ಟರ್ ಸಿಲಿಂಡರುಗಳ ಒಳಗೇ ಅದು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಡಿಸ್ಕ್ ಬ್ರೇಕಿನ ಗಾಡಿಯದನ್ನು ತಂದು ಹಾಕಿ, "ಎಷ್ಟು ಏರ್ ತೆಗೆದರೂ ಮೊದಲ ಒತ್ತಿಗೆ ಪೆಡಲ್ ನಿಲ್ಲಲ್ಲ" ಅನ್ನುವವರಲ್ಲಿ ಅನೇಕರು ಎಡವಿರುವುದು ಇಲ್ಲೇ.

ಪೈಪುಗಳು ಸುಲಭ. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ತಗೊಂಡೆ, ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರ ಬೇಡ. ತುದಿಗೆ ಡಬಲ್ ಫ್ಲೇರ್ ಮಾಡಲೇಬೇಕು, ಅಂದರೆ ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಿಸಬೇಕು. 3/16 ಇಂಚಿನ ಪೈಪಿಗೆ 3/8-24 ಮರೆಯ ನಟ್ (3/8 ಇಂಚು ವ್ಯಾಸ, ಇಂಚಿಗೆ 24 ಮರೆ), ¼ ಇಂಚಿನದಕ್ಕೆ 7/16-24. ಒತ್ತಿ ಹಿಡಿಯುವ ಕಂಪ್ರೆಶನ್ ಜಾಯಿಂಟ್ ನೀರಿನ ನಲ್ಲಿಗೆ ಸರಿ, ಬ್ರೇಕಿಗಲ್ಲ. ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು ಹಾಕಿದೆ. ಇದು ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ.

ಎಲ್ಲ ಜೋಡಿಸಿ ಓಡಿಸಿದ ಮೊದಲ ದಿನ ಬಲಗಡೆ ಹಿಂದಿನ ಚಕ್ರ ಸರಿಯಾಗಿ ಹಿಡಿಯಲಿಲ್ಲ. ಮತ್ತೆ ಬಿಚ್ಚಿದೆ. ಬೆಂಡಿಕ್ಸ್‌ನಲ್ಲಿ ಎರಡು ಶೂ ಒಂದೇ ಥರ ಅಲ್ಲ. ಗಿಡ್ಡ ಲೈನಿಂಗಿನದು ಗಾಡಿಯ ಮುಂದಿನ ಕಡೆಗೆ, ಉದ್ದದ್ದು ಹಿಂದಿನ ಕಡೆಗೆ ಬರಬೇಕು. ಮುಂದಿನ ಶೂ ಡ್ರಮ್ಮಿಗೆ ತಾಗಿ ತಿರುಗುತ್ತಾ ಹಿಂದಿನದನ್ನು ತಳ್ಳುತ್ತದೆ, ಹೆಚ್ಚಿನ ಕೆಲಸ ಹಿಂದಿನದರದ್ದು. ನಾನು ಅದೊಂದು ಚಕ್ರದಲ್ಲಿ ಅದಲುಬದಲು ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮಾಡಿದ ಚಕ್ರ ಅದೇ.

ಆ ಮೊದಲ ಪಾರ್ಸೆಲ್ಲಿನ ಹಕ್ ಶೂಗಳು ಬಹಳ ದಿನ ಬಿದ್ದಿದ್ದವು. ಮೊನ್ನೆ 1948ರ ಪಿಕಪ್ ಇರುವ ಒಬ್ಬರು ಕೇಳಿಕೊಂಡು ಬಂದರು. ಅವರದೂ 3100, ಹಕ್ ಬ್ರೇಕಿನ ವರ್ಷವೇ, ಕಾಗದವೂ ಹಾಗೇ ಹೇಳುತ್ತದೆ. "ಮೊದಲು ಒಂದು ಡ್ರಮ್ ಬಿಚ್ಚಿ ಫೋಟೋ ಕಳಿಸಿ, ಆಮೇಲೆ ತಗೊಂಡು ಹೋಗಿ" ಅಂದೆ. ಸಂಜೆ ಫೋಟೋ ಬಂತು. ಕೆಳಗೆ, ಎರಡು ಶೂಗಳ ನಡುವೆ, ನಕ್ಷತ್ರದ ಹಲ್ಲಿನ ಅಡ್ಜಸ್ಟರ್.

ಶೂಗಳು ಇನ್ನೂ ನನ್ನ ಕಪಾಟಿನಲ್ಲೇ ಇವೆ.