ಸರ್ಕಾರಿ ಬ್ಯಾಂಕಿನ ಮಹಿಳಾ ಅಧಿಕಾರಿ ಬಡ್ತಿಗೆ ಸಿದ್ಧವಾಗುವ ಬಗೆ

ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಲ್ಲಿ ಒಂದೇ ಸ್ಕೇಲಿನಲ್ಲಿರುವ, ಅಂದರೆ ಒಂದೇ ದರ್ಜೆಯ ಅಧಿಕಾರಿಗಳಾಗಿರುವ, ಗಂಡಸರಿಗೂ ಹೆಂಗಸರಿಗೂ ವೇತನಶ್ರೇಣಿ ಒಂದೇ ಆಗಿರುವುದರಿಂದ, ಇಲ್ಲಿನ ತಾರತಮ್ಯ ಸಂಬಳದ ಚೀಟಿಯಲ್ಲಿ ಕಾಣಿಸುವುದಿಲ್ಲ. ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂಬುದರಲ್ಲಿ ಕಾಣಿಸುತ್ತದೆ. ಠೇವಣಿ, ಲಾಕರ್, ಕೌಂಟರುಗಳ ಕೆಲಸ ಮಹಿಳೆಯರಿಗೂ, ಸಾಲ ವಿಭಾಗ ಮತ್ತು ವಿದೇಶಿ ವಿನಿಮಯ ಪುರುಷರಿಗೂ ಹೋಗುವುದು ಹಲವು ಶಾಖೆಗಳ ವಾಡಿಕೆ. ವಸೂಲಿಗೆ ಹೆಣ್ಣುಮಗಳನ್ನು ಕಳಿಸುವುದು ಹೇಗೆ ಎಂದು ಕಾಳಜಿಯಿಂದಲೇ ಹೀಗೆ ಮಾಡುವ ಮ್ಯಾನೇಜರುಗಳೂ ಇದ್ದಾರೆ. ಆದರೆ ಬಡ್ತಿ ಸಂದರ್ಶನದಲ್ಲಿ ಸಾಲದ ಅನುಭವದ ಬಗ್ಗೆ ಪ್ರಶ್ನೆ ಬಂದಾಗ ಆ ಕಾಳಜಿ ನೆರವಿಗೆ ಬರುವುದಿಲ್ಲ.

ಆದ್ದರಿಂದ ಅಧಿಕಾರಿಗಳ ಮೊದಲ ದರ್ಜೆಯಾದ ಸ್ಕೇಲ್ 1ರಲ್ಲಿರುವಾಗಲೇ ಸಾಲ ವಿಭಾಗದ ಕೆಲಸವನ್ನು ಇಮೇಲ್ ಮೂಲಕ, ಅಂದರೆ ದಾಖಲೆ ಉಳಿಯುವಂತೆ, ಕೇಳಿ. ಸಾಲದ ಪ್ರಸ್ತಾವ ಸಿದ್ಧಪಡಿಸುವುದು, ಬ್ಯಾಲೆನ್ಸ್ ಶೀಟ್ ಪರಿಶೀಲನೆ, ಸ್ಥಳ ತನಿಖೆ, ವಸೂಲಾಗದ ಸಾಲಗಳ ಬೆನ್ನುಹತ್ತುವುದು, ಇವೆಲ್ಲವನ್ನೂ ಸ್ವತಃ ಮಾಡಿರಬೇಕು. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿ, 2013ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಮೊದಲ ಅಧ್ಯಕ್ಷೆಯಾದ ಅರುಂಧತಿ ಭಟ್ಟಾಚಾರ್ಯ ಅವರು ವಿದೇಶಿ ವಿನಿಮಯ, ಟ್ರೆಜರಿ (ಬ್ಯಾಂಕಿನ ಸ್ವಂತ ಹಣದ ನಿರ್ವಹಣೆ), ರಿಟೇಲ್ (ಸಾಮಾನ್ಯ ಗ್ರಾಹಕರ ವಿಭಾಗ) ಎಂದು ಹಲವು ವಿಭಾಗಗಳಲ್ಲಿ ದುಡಿದವರು.

ವಾರ್ಷಿಕ ಕಾರ್ಯಮೌಲ್ಯಮಾಪನದ ವರದಿಯಲ್ಲಿ ನಿಮ್ಮ ಸಾಧನೆಯನ್ನು ವಿಶೇಷಣಗಳಲ್ಲಿ ಬರೆಯದೆ ಅಂಕಿಗಳಲ್ಲಿ ಬರೆಯಿರಿ. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ನಿಗದಿಪಡಿಸಿದ 26 ವಾರಗಳ ಹೆರಿಗೆ ರಜೆಯನ್ನು ತೆಗೆದುಕೊಂಡ ವರ್ಷ, ಗುರಿಯನ್ನು ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ನಿಗದಿಪಡಿಸುವಂತೆ ರಜೆಗೆ ಹೋಗುವ ಮುನ್ನವೇ ಲಿಖಿತವಾಗಿ ಕೋರಿ. ಮರಳಿದ ಮೇಲೆ ವಾದಿಸುವುದು ಕಷ್ಟ.

ನನ್ನ ಅಭಿಪ್ರಾಯದಲ್ಲಿ ದೊಡ್ಡ ತೊಡಕು ವರ್ಗಾವಣೆ. ಬಡ್ತಿಯೊಂದಿಗೆ ದೂರದ ಊರು ಬರುತ್ತದೆಂದು ಅರ್ಜಿಯನ್ನೇ ಹಾಕದ ಮಹಿಳೆಯರು ಬಹಳ. ಗಂಡನಿಗೆ ವರ್ಗವಾದರೆ ಮನೆಯವರೆಲ್ಲ ಗಂಟುಮೂಟೆ ಕಟ್ಟುತ್ತಾರೆ, ಹೆಂಡತಿಗೆ ಆದರೆ ಬಡ್ತಿಯೇ ಬೇಡವೆನ್ನುತ್ತಾರೆ. ವಿವಾಹಿತ ಮಹಿಳಾ ಉದ್ಯೋಗಿಗಳನ್ನು ಪತಿ ಇರುವ ಊರಿನಲ್ಲಿ ಅಥವಾ ಅದರ ಸಮೀಪದಲ್ಲಿ, ಅವಿವಾಹಿತರನ್ನು ಪೋಷಕರ ಊರಿನ ಬಳಿ ನಿಯೋಜಿಸಲು ಯತ್ನಿಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಅದನ್ನು ಕಟ್ಟುನಿಟ್ಟಿನ ಹಕ್ಕೆಂದು ನೆಚ್ಚಿಕೊಳ್ಳದೆ, ಪತಿಯ ಉದ್ಯೋಗದ ಪ್ರಮಾಣಪತ್ರ ಲಗತ್ತಿಸಿ ಸಕಾಲದಲ್ಲಿ ಮನವಿ ಸಲ್ಲಿಸಿ. ಬಡ್ತಿ ನಿರಾಕರಿಸಿದರೆ ಮುಂದೆ ಎಷ್ಟು ವರ್ಷ ಅವಕಾಶವಿಲ್ಲ, ಮೇಲಿನ ಸ್ಕೇಲಿಗೆ ಗ್ರಾಮೀಣ ಸೇವೆ ಅಥವಾ ಶಾಖಾ ಮುಖ್ಯಸ್ಥರಾಗಿ ಸೇವೆ ಬೇಕೇ ಎಂಬುದನ್ನು ನಿಮ್ಮ ಬ್ಯಾಂಕಿನ ಬಡ್ತಿ ನೀತಿಯ ಸುತ್ತೋಲೆಯಲ್ಲಿ ನೋಡಿ, ಅಂಥ ಸೇವೆ ಬೇಕಿದ್ದರೆ ಮಕ್ಕಳು ಹೈಸ್ಕೂಲು ಸೇರುವ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಸಂದರ್ಶನದಲ್ಲಿ ಮನೆ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರೆ ಒಂದೇ ವಾಕ್ಯದಲ್ಲಿ ಉತ್ತರಿಸಿ ಮಾತನ್ನು ಕೆಲಸಕ್ಕೆ ತಿರುಗಿಸಿ. ಆಯ್ಕೆಯಾಗದಿದ್ದರೆ ನಿಮ್ಮ ಅಂಕಗಳನ್ನೂ ಮೌಲ್ಯಮಾಪನದ ವರದಿಗಳನ್ನೂ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಸರ್ಕಾರಿ ಬ್ಯಾಂಕುಗಳು 2005ರ ಆ ಕಾಯಿದೆಯ ವ್ಯಾಪ್ತಿಯಲ್ಲಿವೆ.