ಗಣಿ ನಿಂತ ಊರಿಗೆ ಡಿಎಂಎಫ್ ಹಣ ತಂದದ್ದು ಹೀಗೆ

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ‘ಸಿ’ ವರ್ಗದ, ಅಂದರೆ ಅತಿ ಹೆಚ್ಚು ಅಕ್ರಮ ನಡೆದಿದ್ದ ಗಣಿಗಳ ಗುತ್ತಿಗೆಯೇ ರದ್ದಾಯಿತು. ಸಂಡೂರು ತಾಲೂಕಿನ ನಮ್ಮ ಕಡೆ ಅದಿರು ಆರಿಸುತ್ತಿದ್ದ ಹೆಂಗಸರ ಕೂಲಿ ಹೋಯಿತು. ಸಾಲ ಮಾಡಿ ತಂದ ಲಾರಿಗಳು ಮನೆ ಮುಂದೆ ನಿಂತವು. ಆಮೇಲೆ ಎಷ್ಟೋ ಗಣಿ ಮತ್ತೆ ಶುರುವಾದವು. ನಮ್ಮೂರ ಪಕ್ಕದ್ದು ಆಗಲಿಲ್ಲ.

ದುಡ್ಡೇನೋ ಇತ್ತು. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ಆಗಿ, ಗಣಿಯಿಂದ ಬಾಧಿತರಾದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಡಿಎಂಎಫ್ ಬಂತು. ಹಳೇ ಗುತ್ತಿಗೆಯವರು ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿಯ ಇನ್ನೊಂದು ನಿಧಿಯೂ ಇದೆ. ಅದು ದೊಡ್ಡ ಯೋಜನೆಗಳ ಲೆಕ್ಕ. ಹಳ್ಳಿ ಮಟ್ಟದ ಕೆಲಸಕ್ಕೆ ಡಿಎಂಎಫ್ ಬಾಗಿಲು ತಟ್ಟುವುದೇ ವಾಸಿ ಅನ್ನಿಸಿತು.

ಗ್ರಾಮಸಭೆಯಲ್ಲಿ ಗಂಡಸರೆಲ್ಲ ಸಮುದಾಯ ಭವನ ಅಂದರು. ತಾಂಡಾದ ಹಿರಿಯಾಕೆ ಒಬ್ಬರು ಎದ್ದು, ‘ಭವನದಾಗ ವರ್ಷಕ್ಕ ನಾಕು ಮದುವಿ, ಉಳಿದ ದಿನ ಬೀಗ. ನಮಗ ದುಡಿಯಾಕ ಜಾಗ ಕೊಡ್ರಿ ಅಣ್ಣಾ’ ಅಂದರು. ನನಗೆ ಅಷ್ಟೇ ಬೇಕಿತ್ತು. ಯಾಕೆಂದರೆ ನಿಯಮದ ಪ್ರಕಾರ ಹಣದ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ್ಯ ತರಬೇತಿಯಂಥ ಆದ್ಯತೆಯ ಬಾಬ್ತುಗಳಿಗೇ ಹೋಗಬೇಕು. ಮೊದಲು ಕನಿಷ್ಠ ಶೇ 60 ಇತ್ತು, 2024ರಿಂದ ಶೇ 70. ಹೊಲಿಗೆ, ಲಂಬಾಣಿ ಕಸೂತಿ ಕೇಂದ್ರ ಅಂದರೆ ಸೀದಾ ಅಲ್ಲಿ ಕೂರುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇರುವುದನ್ನೂ ಅರ್ಜಿಯಲ್ಲಿ ಬರೆದೆವು.

ಜಾಗದ್ದೇ ತಲೆನೋವು. ನಮ್ಮ ಸುತ್ತ ಎಲ್ಲಿ ಕಾಲಿಟ್ಟರೂ ಅರಣ್ಯ ಭೂಮಿ. ಅಲ್ಲಿ ಕಟ್ಟುತ್ತೇವೆ ಅಂತ ಬರೆದರೆ ಕಡತ ಏಳುವುದೇ ಇಲ್ಲ. ಹಾಗಾಗಿ ಹೊಸ ಕಟ್ಟಡದ ಆಸೆ ಬಿಟ್ಟು, ಪಂಚಾಯಿತಿ ಖಾತೆಯಲ್ಲಿದ್ದ ಹಳೇ ಕಟ್ಟಡದ ದುರಸ್ತಿ ಮತ್ತು ಹೊಲಿಗೆ ಯಂತ್ರ ಕೇಳಿದೆವು. ಗ್ರಾಮಸಭೆಯ ಠರಾವು, ಖಾತೆಯ ನಕಲು, ಎಂಜಿನಿಯರ್ ಎಸ್ಆರ್ ದರದಲ್ಲಿ (ಸರ್ಕಾರಿ ದರಪಟ್ಟಿ) ಮಾಡಿಕೊಟ್ಟ ಎಸ್ಟಿಮೇಟು, ಫೋಟೊ, ಎಲ್ಲ ಒಂದೇ ಫೈಲಿನಲ್ಲಿ ಹೋದವು. ಸುಮ್ನೆ ಮನವಿ ಪತ್ರ ಕೊಟ್ಟು ಹಾರ ಹಾಕಿ ಬಂದರೆ ಏನೂ ಆಗಲ್ಲ. ಡಿಎಂಎಫ್‌ನ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ನಮ್ಮ ಕೆಲಸದ ಹೆಸರು ಒಂದು ಸಾಲಾಗಿ ಬರಬೇಕು. ಅದು ಬರುವ ತನಕ ನಾವು ಬೆನ್ನು ಬಿಡಲಿಲ್ಲ.

‘ಕಟ್ಟಿದ ಮೇಲೆ ನಡೆಸೋರು ಯಾರು?’ ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಿಂದ ಮೊದಲೇ ಒಪ್ಪಿಗೆ ಪತ್ರ ಬರೆಸಿಟ್ಟಿದ್ದೆವು. ಕರೆಂಟ್ ಬಿಲ್, ಯಂತ್ರದ ರಿಪೇರಿ ಒಕ್ಕೂಟದ್ದು ಅಂತ ಅದರಲ್ಲೇ ಇತ್ತು. ನನ್ನ ಪ್ರಕಾರ ಕೆಲಸ ಆಗಿದ್ದು ಆ ಪತ್ರದಿಂದಲೇ.

ಒಂದು ಮಾತು. ಈ ಹಣ ಸಂಘದ ಖಾತೆಗೆ ಬರುವುದಿಲ್ಲ. ಕಾಮಗಾರಿ ಮಾಡುವ ಸಂಸ್ಥೆಗೆ ಕಂತಿನಲ್ಲಿ ಬಿಡುಗಡೆ ಆಗುತ್ತದೆ. ನಮ್ಮಲ್ಲಿ ಕೆಲಸ ಹಿಡಿದವರು ಗೋಡೆಗೆ ಬಣ್ಣ ಬಳಿದು, ಸೋರುವ ಚಾವಣಿ ಹಾಗೇ ಬಿಟ್ಟು ಬಿಲ್ ಮಾಡಿಸಲು ಹೊರಟಿದ್ದರು. ಹೆಂಗಸರ ಕೈಯಲ್ಲಿ ಎಸ್ಟಿಮೇಟಿನ ನಕಲು ಇತ್ತು. ಚಾವಣಿ ಮುಗಿಯುವವರೆಗೂ ಕೀಲಿ ಇಸ್ಕೊಳ್ಳಲ್ಲ ಅಂದರು. ಆಮೇಲೇ ಯಂತ್ರಗಳು ಒಳಗೆ ಬಂದದ್ದು.